ನಾನೂರು ಮೀಟರು

ಎಂಜಿನ್ನಿನಲ್ಲಿ ನನ್ನ ಎಡಗಾಲ ಕೆಳಗೊಂದು ಪೆಡಲಿತ್ತು.
ಅರೆನಿಮಿಷಕ್ಕೊಮ್ಮೆ ಕೇಳುತ್ತಿತ್ತು: ಎಚ್ಚರವಿದ್ದೀಯಾ?
ಒತ್ತಿದರೆ, ಹೂಂ.
ಒತ್ತದಿದ್ದರೆ ಗಾಡಿ ತಾನೇ ನಿಂತುಬಿಡುತ್ತಿತ್ತು.
ಮೂವತ್ತೊಂದು ವರ್ಷ ಹೂಂಗುಟ್ಟಿದ ಕಾಲು,
ಹೊದಿಕೆಯೊಳಗೆ ಈಗಲೂ ತಟಕ್ಕನೆ ಒತ್ತುತ್ತದೆ.

ಈಗ ಇನ್ನೊಂದು ಯಂತ್ರ, ಕಣ್ಣ ಮೇಲೆ.
ತಂಗಿಯ ಮಗಳು ಎನಿಕೊ ಬೆಸುಗೆ ಹಾಕಿ ಕೊಟ್ಟದ್ದು.
ಹಳೆಯ ಈಜುಗನ್ನಡಕದ ಸ್ಪಂಜು,
ಅಕ್ಕಿಕಾಳಿನಷ್ಟು ಎರಡು ಕೆಂಪು ದೀಪ,
ರೆಪ್ಪೆಯಡಿ ಕಣ್ಣಾಲಿ ಓಡುವುದನ್ನೇ ಕಾಯುವ ಒಂದು ಚಿಪ್,
ದಿಂಬಿನೊಳಗೆ ಗುಂಡಿಯಂಥ ಸ್ಪೀಕರು.
"ಕನಸು ಶುರುವಾದ ಕೂಡಲೇ ಮಿನುಗುತ್ತದೆ ಮಾವ.
ಇದು ಕನಸು ಅಂತ ನಿನಗೆ ಒಳಗೇ ತಿಳಿಯಬೇಕು.
ತಿಳಿದರೆ ಬೇಕಾದ್ದು ಮಾಡಬಹುದು. ಹಾರಬಹುದು."

ಹಾರಿ ಎಲ್ಲಿಗೆ ಹೋಗಲಿ?
ನನಗೆ ಬೇಕಾದದ್ದು ನಾನೂರು ಮೀಟರು.

ಆಗಸ್ಟ್ ತಿಂಗಳು, ಸೊಲ್ನೊಕ್ ದಾಟಿ ಗೇಟಿಲ್ಲದ ಒಂದು ಕ್ರಾಸಿಂಗು.
ಎರಡೂ ಕಡೆ ಸೂರ್ಯಕಾಂತಿ, ಬೆನ್ನು ತಿರುಗಿಸಿ ನಿಂತಿತ್ತು.
ಸೈಕಲ್ಲಿನ ಹ್ಯಾಂಡಲಿಗೆ ಎರಡು ಕಲ್ಲಂಗಡಿ ತೂಗಿಸಿಕೊಂಡು
ಅವನು ಹಳಿಗೆ ಕಾಲಿಟ್ಟ.
ಬ್ರೇಕು ಎಳೆದೆ. ಕಬ್ಬಿಣಕ್ಕೆ ಅವಸರ ಗೊತ್ತಿಲ್ಲ.
ಇಳಿದು ಓಡುವಾಗ ಕಲ್ಲುಗಳ ಮೇಲೆಲ್ಲ ಕೆಂಪು.
ದೇವರೇ, ಹಣ್ಣಿನದೇ ಆಗಿರಲಿ ಎಂದೆ.
ಸ್ವಲ್ಪ ಹಣ್ಣಿನದೂ ಆಗಿತ್ತು.

ಆಮೇಲೆ ರಾತ್ರಿಗೊಮ್ಮೆ ಅದೇ ಗಾಡಿ, ಅದೇ ಮಧ್ಯಾಹ್ನ.

ಯಂತ್ರ ಕಟ್ಟಿಕೊಂಡ ಮೊದಲ ರಾತ್ರಿ ಆ ಕೆಂಪು
ಅಮ್ಮನ ಸೂರಿನಲ್ಲಿ ಒಣಗುವ ಮೆಣಸಿನಕಾಯಿ ಸರವಾಯಿತು.
ಎನಿಕೊ ನಕ್ಕಳು. ದನಿಯೂ ಇರಲಿ ಎಂದು
ಮೂವತ್ತು ವರ್ಷ ನಮ್ಮ ಸ್ಟೇಷನ್ನಿನಲ್ಲಿ ಗಾಡಿ ಕೂಗಿದ
ಗಿಜೆಲ್ಲಾಳಿಂದ ಹೇಳಿಸಿ ತಂದಳು:
ದಯವಿಟ್ಟು ಗಮನಿಸಿ, ಇದು ಕನಸು.
ಅಂದು ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರಿಗೂ ಅದು ಕೇಳಿಸಿತು.
ಜನ ಗಂಟುಮೂಟೆ ಎತ್ತಿಕೊಂಡು ಸಾಲು ನಿಂತರು.
ಕನಸು ಯಾವುದೋ ಊರು, ಗಾಡಿ ಅಲ್ಲಿಗೆ ಹೋಗುತ್ತದೆ ಎಂದೇ
ನಾನೂ ತಿಳಿದೆ. ಸಮಯ ನೋಡಿಕೊಂಡೆ. ಎರಡು ನಿಮಿಷ ತಡ.

ಹನ್ನೆರಡನೆಯ ರಾತ್ರಿ
ಎಂದೂ ಕಂಬವಿಲ್ಲದ ಜಾಗದಲ್ಲಿ ಸಿಗ್ನಲ್ಲು.
ಕೆಂಪು, ಕೆಂಪು, ಕೆಂಪು.
ಮನಸ್ಸು ಕೇಳುವ ಮೊದಲೇ ಕೈ ಎಳೆದಿತ್ತು.
ಗಾಡಿ ನಿಂತಿತು. ಹಿಂದೆ ಯಾರೋ ಬೈದರು.
ಅವನು ಹಳಿ ದಾಟಿದ, ತಿರುಗಿಯೂ ನೋಡದೆ.
ಹಣ್ಣು ಎರಡೂ ಇಡಿಯಾಗಿದ್ದವು.

ಬೆಳಿಗ್ಗೆ ಏಳರ ತನಕ ಮಲಗಿದ್ದೆ. ಬ್ರೆಡ್ಡಿಗೆ ಉಪ್ಪಿತ್ತು.

"ಆದರೆ ಕನಸು ಅಂತ ಗೊತ್ತೇ ಆಗಲಿಲ್ಲವಲ್ಲ ಮಾವ,"
ಎನಿಕೊ ಮುಖ ಸಣ್ಣದು ಮಾಡಿಕೊಂಡಳು. ದನಿ ಏರಿಸಿದಳು.

ಗೊತ್ತಾಯಿತು, ಕೊನೆಗೊಂದು ರಾತ್ರಿ.
ಅವಳು ಕಲಿಸಿದಂತೆ ಬೆರಳೆಣಿಸಿದೆ: ಆರು.
ಗಾಡಿಯನ್ನು ಒಂದು ಮಾತಿನಲ್ಲಿ ನಿಲ್ಲಿಸಿ ಕೆಳಗಿಳಿದೆ.
ಅವನ ಸೈಕಲ್ಲಿನ ಚೈನು ಕಳಚಿತ್ತು. ಕೂತು ಹಾಕಿಕೊಟ್ಟೆ.
ಕೈಗೆ ಹತ್ತಿದ ಜಿಡ್ಡು ನಾನೇ ಮಾಡಿದ್ದು,
ಅವನ ಮೀಸೆ ವಿಚಾರಣೆಯ ಫೋಟೋದಿಂದ ತಂದದ್ದು,
ಎಲ್ಲ ತಿಳಿದಿತ್ತು.
ಅವನು ಹಣ್ಣು ಕೊಯ್ದು ಒಂದು ಹೋಳು ಚಾಚಿದ.
ತಿಂದೆ.
ತಿಳಿದವನ ನಾಲಿಗೆಗೆ ಅದು ಬರೀ ಒದ್ದೆ.
ಎದ್ದು ಬಚ್ಚಲಿನಲ್ಲಿ ಬಹಳ ಹೊತ್ತು ಕೈ ತೊಳೆದೆ.

ಗಿಜೆಲ್ಲಾಳಿಗೆ ಬೇಜಾರಾಗಬಾರದು, ಒಂದು ಬಾಟಲಿ
ಏಪ್ರಿಕಾಟ್ ಮದ್ಯ ಕಳಿಸಿದೆ.
ಸ್ಪೀಕರು ಬಿಚ್ಚಿ ಎನಿಕೊಗೆ ಮರಳಿಸಿದೆ.
ಅವಳ ಯಂತ್ರ ಕೆಟ್ಟದ್ದಲ್ಲ. ಅವಳಿಗೆ ಹಾರಬೇಕು, ಹಾರಲಿ.
ನನಗೆ ತಿಳಿಯುವುದು ಬೇಡ, ನಿಲ್ಲುವುದು ಸಾಕು.

ಹೊರಗೆ ಸೂರ್ಯಕಾಂತಿ ಕಪ್ಪಾಗುತ್ತಿದೆ, ಇನ್ನೇನು ಕಟಾವು.
ದೀಪಕ್ಕೆ ಹೊಸ ಬ್ಯಾಟರಿ ಹಾಕಿದ್ದೇನೆ.